ಹಲ್ಲಿನ ಡಾಕ್ಟ್ರ ಕುರ್ಚಿ ಅಂದ್ರೆ ಅಂಜಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳದಲ್ಲಿ ನನ್ನ ಕ್ಲಿನಿಕ್ ಇರುವುದು ಮೊದಲ ಮಹಡಿಯಲ್ಲಿ. ಕೆಳಗೆ ಮಿರ್ಚಿ ಅಂಗಡಿ, ಮೇಲೆ ಹಲ್ಲಿನ ಡಾಕ್ಟ್ರು, ನಡುವೆ ಹದಿನೆಂಟು ಮೆಟ್ಟಿಲು. ಆ ಮೆಟ್ಟಿಲ ತನಕ ಬಂದು ವಾಪಸ್ ಹೋದವರು ಎಷ್ಟು ಜನ ಅಂತ ನನಗಿಂತ ಮಿರ್ಚಿ ಅಂಗಡಿಯವರಿಗೇ ಚೆನ್ನಾಗಿ ಗೊತ್ತು. ಇಲ್ಲಿರುವ ಪ್ರಶ್ನೆಗಳನ್ನು ಜನ ಕುರ್ಚಿ ಮೇಲೆ ಕೂತು ಕೇಳಿದ್ದಾರೆ, ಫೋನಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಾಗಿ ಮೆಲ್ಲಗೆ ಕೇಳಿದ್ದಾರೆ. ಅವರ ಮಾತಲ್ಲೇ ಬರೆದುಕೊಂಡಿದ್ದೇನೆ.

## ಮೊದಲ ಸಲ ಬರುವವರು ಕೇಳೋದು

ಇಷ್ಟು ದೊಡ್ಡವರಾಗಿ ಹಲ್ಲಿನ ಡಾಕ್ಟ್ರಿಗೆ ಅಂಜೋದು ನಾಚಿಕೆಗೇಡು ಅಲ್ಲೇನ್ರೀ?

ಅಲ್ಲ. ಕಾರಟಗಿ ಕಡೆಯ ಒಬ್ಬ ಭತ್ತದ ರೈತರು ನಮ್ಮಲ್ಲಿಗೆ ಬರುತ್ತಾರೆ. ಗದ್ದೆಯಲ್ಲಿ ಹಾವು ಕಂಡರೆ, ಅದರ ಪಾಡಿಗೆ ಅದು ಹೋಗಲಿ ಅಂತ ಪಕ್ಕಕ್ಕೆ ನಿಂತು ಬೀಡಿ ಹಚ್ಚುವ ಮನುಷ್ಯ. ಅಂಥವರು ದವಡೆ ಹಿಡಿದುಕೊಂಡು ಮೂರು ಸಲ ನಮ್ಮ ಮೆಟ್ಟಿಲ ತನಕ ಬಂದು, ಮನೆಯವರಿಗೆ ಮಿರ್ಚಿ ಕಟ್ಟಿಸಿಕೊಂಡು ಊರಿಗೆ ಹೋಗಿದ್ದರು.

ನೀವೇ ಯೋಚನೆ ಮಾಡಿ. ಅಂಗಾತ ಮಲಗಿರುತ್ತೀರಿ. ಬಾಯಿ ತೆರೆದಿರುತ್ತೀರಿ, ಮಾತಾಡೋಕೆ ಆಗಲ್ಲ. ಒಳಗೆ ಏನು ನಡೆಯುತ್ತಿದೆ ಅಂತ ನಿಮಗೆ ಕಾಣಲ್ಲ. ಮುಖದ ಮೇಲೆ ಲೈಟು, ಕಿವಿ ಹತ್ತಿರ ಸಪ್ಪಳ. ಇಷ್ಟು ವರ್ಷದಲ್ಲಿ ನನಗೆ ಅನ್ನಿಸಿದ್ದು ಏನಂದರೆ, ಜನ ನೋವಿಗೆ ಹೆದರುವುದಕ್ಕಿಂತ ಜಾಸ್ತಿ, 'ಸಾಕು ನಿಲ್ಲಿಸಿ' ಅನ್ನೋಕೆ ಆಗದೆ ಇರುವುದಕ್ಕೆ ಹೆದರುತ್ತಾರೆ. ಅದಕ್ಕೇ ನಮ್ಮಲ್ಲಿ ಒಂದು ಒಪ್ಪಂದ ಇದೆ. ನೀವು ಎಡಗೈ ಎತ್ತಿದರೆ ನಾನು ನಿಲ್ಲಿಸುತ್ತೇನೆ. ಯಾಕೆ ಅಂತ ಕೇಳಲ್ಲ. ಕೆಲಸ ಶುರು ಮಾಡುವ ಮೊದಲು ಒಂದು ಸಲ ಸುಮ್ನೆ ಕೈ ಎತ್ತಿಸಿ, ನಿಲ್ಲಿಸಿ ತೋರಿಸುತ್ತೇನೆ. ಎಡಗೈಯೇ ಯಾಕೆ ಅಂದರೆ, ಬಲಗೈಯಲ್ಲಿ ಕೆಲಸ ಮಾಡುವ ಡಾಕ್ಟ್ರು ನಿಮ್ಮ ಬಲಕ್ಕೆ ಕೂತಿರುತ್ತಾರೆ. ಆ ಕಡೆ ಕೈ ಎತ್ತಿದರೆ ಅವರ ಕೈಯಲ್ಲಿರುವುದಕ್ಕೆ ತಾಗುತ್ತದೆ. ನೀವು ಯಾವ ಊರಿನ ಯಾವ ಡಾಕ್ಟ್ರ ಹತ್ತಿರ ಹೋದರೂ ಈ ಮಾತು ಮೊದಲೇ ಆಡಿಕೊಳ್ಳಿ.

ಸೂಜಿ ಮಾಡೋವಾಗ ಭಾಳ ನೋವಾಗ್ತದೇನು?

ಇರುವೆ ಕಚ್ಚಿದಷ್ಟು ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಹೇಳಲ್ಲ, ಯಾಕಂದ್ರೆ ಒಬ್ಬೊಬ್ಬರಿಗೆ ಒಂದೊಂದು ಥರ. ಆದರೆ ನೋವು ಕಡಿಮೆ ಮಾಡುವ ದಾರಿ ಇದೆ. ಸೂಜಿ ಚುಚ್ಚುವ ಜಾಗದಲ್ಲಿ ವಸಡು ಒರೆಸಿ ಮರಗಟ್ಟಿಸುವ ಜೆಲ್ ಹಚ್ಚಿ, ಒಂದೆರಡು ನಿಮಿಷ ಕಾಯಬೇಕು. ಕಾಯದೆ ಚುಚ್ಚಿದರೆ ಜೆಲ್ ಹಚ್ಚಿದ್ದೇ ದಂಡ. ಈಗ ಸಿಗುವ 30 ಗೇಜಿನ ಸೂಜಿಯ ದಪ್ಪ ಸುಮಾರು 0.3 ಮಿಲಿಮೀಟರ್. ನಿಜ ಹೇಳಬೇಕಂದ್ರೆ ಚುಚ್ಚುವುದಕ್ಕಿಂತ, ಔಷಧವನ್ನು ಜೋರಾಗಿ ಒತ್ತಿ ಬಿಡುವುದೇ ಜಾಸ್ತಿ ನೋಯುತ್ತದೆ. ಒಂದು ಮಿಲಿ ಔಷಧಕ್ಕೆ ಒಂದು ನಿಮಿಷ ತಗೊಂಡರೆ ಎಷ್ಟೋ ಜನಕ್ಕೆ ಸೂಜಿ ಮುಗಿದದ್ದೇ ಗೊತ್ತಾಗಲ್ಲ. 'ನಿಧಾನಕ್ಕೆ ಮಾಡ್ರಿ' ಅಂತ ಬಾಯಿಬಿಟ್ಟು ಕೇಳಿ, ತಪ್ಪೇನಿಲ್ಲ.

ಮೇಲಿನ ಹಲ್ಲಿಗೆ ಮೂರ್ನಾಲ್ಕು ನಿಮಿಷದಲ್ಲಿ ಜೋಮು ಹಿಡಿಯುತ್ತದೆ. ಕೆಳದವಡೆಗೆ ಹತ್ತು ನಿಮಿಷ ಬೇಕಾಗಬಹುದು. ಜೋಮು ಹಿಡಿದ ಮೇಲೂ ಒತ್ತಿದ್ದು, ಎಳೆದದ್ದು ತಿಳಿಯುತ್ತದೆ, ನೋವು ಮಾತ್ರ ತಿಳಿಯಲ್ಲ. ಇದನ್ನು ಮೊದಲೇ ಹೇಳದಿದ್ದರೆ ಒತ್ತಿದ ಕೂಡಲೇ 'ಅಯ್ಯೋ ಸೂಜಿ ಹಿಡಿದಿಲ್ಲ' ಅಂತ ಜನ ಗಾಬರಿಯಾಗುತ್ತಾರೆ.

ಮನೆಯಲ್ಲಿ ಅಜ್ಜಂದಿರು ಹೇಳುವ ಹಲ್ಲು ಕಿತ್ತ ಕಥೆಗಳು ಸುಳ್ಳಲ್ಲ. ನಾವು ಇವತ್ತು ಬಳಸುವ ಲಿಗ್ನೋಕೇನ್ ಔಷಧವನ್ನು ಸ್ವೀಡನ್ನಿನಲ್ಲಿ ತಯಾರಿಸಿದ್ದೇ 1943ರಲ್ಲಿ. ಅದು ನಮ್ಮ ಹಳ್ಳಿಗಳಿಗೆ ಬರುವ ತನಕ ಸಂತೆಯಲ್ಲಿ ಇಕ್ಕಳ ಹಿಡಿದು ಕೂತವನೇ ಡಾಕ್ಟ್ರು.

ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಹೋಗ್ತಾವಂತಲ್ಲ, ಖರೇ ಏನು?

ಸುಳ್ಳು. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಹಲ್ಲು ಕೀಳಿಸುವ ವಯಸ್ಸು, ಕಣ್ಣಿಗೆ ಪೊರೆ ಬರುವ ವಯಸ್ಸು ಎರಡೂ ಒಂದೇ ಆಗಿರುವುದರಿಂದ ಈ ಮಾತು ಹುಟ್ಟಿರಬೇಕು. ತಮಾಷೆ ನೋಡಿ, ಕೀವು ತುಂಬಿದ ಮೇಲಿನ ಹಲ್ಲನ್ನು ಕೀಳಿಸದೆ ಬಿಟ್ಟರೇನೇ ಕಣ್ಣಿನ ತನಕ ಬಾವು ಏರುವುದು.

ಹಲ್ಲು ಕ್ಲೀನ್ ಮಾಡಿಸಿದ್ರೆ ಅಲ್ಲಾಡೋಕೆ ಶುರುವಾಗ್ತಾವಂತೆ?

ಅಲ್ಲಾಡುವ ಹಲ್ಲನ್ನು ಗಟ್ಟಿಯಾದ ಪಾಚಿ ಹಿಡಿದು ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ಅಲ್ಲಾಟ ಗೊತ್ತಾಗುತ್ತದೆ. ವಸಡು ಹಾಳು ಮಾಡಿದ್ದು ಆ ಪಾಚಿಯೇ.

## ಮಕ್ಕಳ ವಿಷಯ

ಮಗೂನ ಮೊದಲ ಸಲ ಯಾವಾಗ ಕರ್ಕೊಂಡು ಬರಬೇಕು?

ಮೊದಲ ಹಲ್ಲು ಆರು ತಿಂಗಳ ಸುಮಾರಿಗೆ ಬರುತ್ತದೆ. ಒಂದು ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸಿ. 'ಹಲ್ಲೇ ಸರಿಯಾಗಿ ಬಂದಿಲ್ಲ, ಏನ್ ತೋರಿಸೋದು' ಅಂತೀರಿ. ತೋರಿಸೋಕೆ ಏನೂ ಇಲ್ಲದ ದಿನ ಬರಬೇಕು ಅನ್ನೋದೇ ನನ್ನ ಮಾತು. ಕುರ್ಚಿ ಮೇಲೆ ಕೂತು, ಮೇಲೆ ಕೆಳಗೆ ಆಡಿ, ಹಲ್ಲು ಎಣಿಸಿಕೊಂಡು ಹೋದ ಮಗುವಿಗೆ ಈ ಜಾಗ ಗುರುತಾಗುತ್ತದೆ. ರಾತ್ರಿಯೆಲ್ಲ ಅತ್ತು, ಕೆನ್ನೆ ಊದಿಸಿಕೊಂಡು ಮೊದಲ ಸಲ ಬಂದ ಮಗುವಿಗೆ ಈ ಜಾಗ ಅಂದ್ರೆ ನೋವು ಅಂತಲೇ ನೆನಪಿರುತ್ತದೆ. ಬರುವುದಾದರೆ ಬೆಳಗ್ಗೆ ಬನ್ನಿ. ಮಧ್ಯಾಹ್ನ ನಿದ್ದೆ ಹೊತ್ತಿನಲ್ಲಿ ಯಾವ ಮಗುವೂ ಮಾತು ಕೇಳಲ್ಲ.

'ಏನೂ ಮಾಡಲ್ಲ, ಸುಮ್ನೆ ನೋಡ್ತಾರೆ' ಅಂತ ಹೇಳಿ ಕರ್ಕೊಂಡು ಬರ್ಲೇನು?

ಬೇಡ. ನೀವು ಹಾಗೆ ಹೇಳಿ, ನಾನು ಸೂಜಿ ಹಿಡಿದರೆ, ಮಗು ಅವತ್ತಿನಿಂದ ಇಬ್ಬರನ್ನೂ ನಂಬಲ್ಲ. 'ನೋವಾಗಲ್ಲ' ಅನ್ನುವುದೂ ಬೇಡ. ಅಲ್ಲಿ ತನಕ ನೋವಿನ ನೆನಪೇ ಇಲ್ಲದ ಮಗುವಿಗೆ ನೀವೇ ನೆನಪು ಮಾಡಿದಂತೆ. ಹಾಗೆಯೇ ಮನೆಯಲ್ಲಿ 'ಊಟ ಮಾಡ್ಲಿಲ್ಲಂದ್ರೆ ಡಾಕ್ಟ್ರ ಹತ್ರ ಸೂಜಿ ಮಾಡಿಸ್ತೀನಿ' ಅನ್ನುವುದನ್ನು ದಯವಿಟ್ಟು ಬಿಡಿ. ನಾವೇನು ಗುಮ್ಮನಾ? ವರ್ಷವೆಲ್ಲ ನಮ್ಮನ್ನು ತೋರಿಸಿ ಹೆದರಿಸಿ, ಒಂದು ದಿನ 'ಮಾಮಾ ಒಳ್ಳೆಯವರು, ಬಾಯಿ ತೆಗಿ' ಅಂದ್ರೆ ಮಗು ಹೇಗೆ ನಂಬಬೇಕು?

ಇಷ್ಟು ಹೇಳಿ ಸಾಕು: 'ಡಾಕ್ಟ್ರು ನಿನ್ನ ಹಲ್ಲು ಎಣಿಸ್ತಾರೆ, ಆಮೇಲೆ ಏನು ಮಾಡ್ತೀನಿ ಅಂತ ನಿನಗೇ ಹೇಳ್ತಾರೆ.' ಮುಂದಿನದ್ದು ನಮಗೆ ಬಿಡಿ. ಮಕ್ಕಳ ದಂತವೈದ್ಯರಿಗೆ ಒಂದು ಹಳೆಯ ಪಾಠವಿದೆ, 1959ರಿಂದ ಹೇಳಿಕೊಡುತ್ತಿರುವುದು. ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು.

ಕುಷ್ಟಗಿಯಿಂದ ಬಂದ ಐದು ವರ್ಷದ ಹುಡುಗಿಯೊಬ್ಬಳು ಅಮ್ಮನ ಸೆರಗಿನಿಂದ ಹೊರಗೆ ಬರಲೇ ಇಲ್ಲ. ನನ್ನ ಮೇಜಿನ ಮೇಲೆ ಕಿನ್ನಾಳದ ಮರದ ಗಿಳಿ ಇರುತ್ತದೆ, ಹಸಿರು ಬಣ್ಣ, ಕೆಂಪು ಕೊಕ್ಕು. ಅದನ್ನು ಕುರ್ಚಿ ಮೇಲೆ ಮಲಗಿಸಿ, ಸಣ್ಣ ಕನ್ನಡಿ ಹಿಡಿದು 'ಹಲ್ಲು ನೋಡೋಣ' ಅಂದೆ. ಸೆರಗಿನ ಹಿಂದಿನಿಂದ ದನಿ ಬಂತು: 'ಅದಕ್ಕ ಹಲ್ಲೇ ಇಲ್ಲ!' 'ಹೌದಾ? ಹಂಗಾದ್ರ ಹಲ್ಲು ಯಾರಿಗದಾವ?' ಬಾಯಿ ತೆರೆದು ತೋರಿಸಿದಳು. ಗಾಳಿ ಊದುವ ನಳಿಕೆಯನ್ನು ಮೊದಲು ಅವಳ ಅಂಗೈ ಮೇಲೆ ಊದಿದೆ, ನಕ್ಕಳು. ಆಮೇಲೆ ಹಲ್ಲಿನ ಮೇಲೆ. ಅವತ್ತು ಅಷ್ಟೇ ಮಾಡಿದ್ದು. ಹಲ್ಲು ತುಂಬಿದ್ದು ಮುಂದಿನ ವಾರ. ಅಮ್ಮನಿಗೆ ಎರಡು ಸಲ ಬಸ್ ಚಾರ್ಜು ಆಯಿತು ಅಂತ ಸ್ವಲ್ಪ ಬೇಜಾರು. ಅದೂ ಸರಿಯೇ.

ಬಿದ್ದು ಹೋಗೋ ಹಾಲುಹಲ್ಲು, ಅದಕ್ಯಾಕೆ ಮಗೂಗೆ ಇಷ್ಟು ತ್ರಾಸು?

ಇಪ್ಪತ್ತು ಹಾಲುಹಲ್ಲುಗಳಲ್ಲಿ ಹಿಂದಿನ ದವಡೆ ಹಲ್ಲುಗಳು ಬೀಳುವುದು 10ರಿಂದ 12ನೇ ವಯಸ್ಸಿಗೆ. ನಾಲ್ಕು ವರ್ಷದ ಮಗು ಹುಳುಕು ಹಲ್ಲು ಇಟ್ಟುಕೊಂಡು ಇನ್ನೂ ಆರೇಳು ವರ್ಷ ರೊಟ್ಟಿ ಅಗಿಯಬೇಕು. ಇನ್ನೊಂದು ವಿಷಯ. ಆರನೇ ವಯಸ್ಸಿಗೆ ಎಲ್ಲಕ್ಕಿಂತ ಹಿಂದೆ ಬರುವ ದವಡೆ ಹಲ್ಲು ಹಾಲುಹಲ್ಲಲ್ಲ, ಸಾಯುವ ತನಕ ಇರಬೇಕಾದದ್ದು. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಎಷ್ಟೋ ತಂದೆ ತಾಯಿಗೆ ಗೊತ್ತೇ ಆಗಲ್ಲ.

ತ್ರಾಸು ಕೊಡಲೇಬೇಕು ಅಂತೇನೂ ಇಲ್ಲ. ಹುಳುಕಿನ ಮೇಲೆ ಬೆಳ್ಳಿ ಅಂಶದ ಒಂದು ಫ್ಲೋರೈಡ್ ದ್ರವ ಹಚ್ಚಿ ಅದನ್ನು ಅಲ್ಲಿಗೇ ತಡೆಯಬಹುದು. ಸೂಜಿ ಇಲ್ಲ, ಮಷೀನ್ ಇಲ್ಲ. ಆದರೆ ಹುಳುಕಿನ ಜಾಗ ಕಪ್ಪಾಗುತ್ತದೆ. ಇದನ್ನು ಮೊದಲೇ ತಿಳಿದುಕೊಂಡು ಒಪ್ಪಿ. ಕೈ ಉಪಕರಣದಿಂದಲೇ ಮೆತ್ತಗಾದ ಹುಳುಕು ಕೆರೆದು ಸಿಮೆಂಟು ತುಂಬುವ ವಿಧಾನವೂ ಇದೆ. ಇವು ಹುಳುಕು ನರಕ್ಕೆ ಮುಟ್ಟುವ ಮೊದಲು ಮಾತ್ರ.

ನಾಲ್ಕು ಮಂದಿ ಕೈಕಾಲು ಹಿಡಿದ್ರೆ ಐದು ನಿಮಿಷದ ಕೆಲಸ. ಯಾಕ ಒಲ್ಲೆ ಅಂತೀರಿ?

ಯಾಕಂದ್ರೆ ನನ್ನನ್ನು ಹಾಗೆ ಹಿಡಿದಿದ್ದರು. ನನಗಾಗ ಏಳು ವರ್ಷ. ಊರು ಬೇಡ, ಹೆಸರು ಬೇಡ. ಕಾಲು ಹಿಡಿದವನ ಕೈಯಲ್ಲಿ ಬೆಳ್ಳುಳ್ಳಿ ವಾಸನೆ ಇತ್ತು. ಹಲ್ಲು ಐದು ನಿಮಿಷದಲ್ಲೇ ಬಂತು. ಅದಾದ ಮೇಲೆ ದಂತವೈದ್ಯಕೀಯ ಓದಲು ಸೇರಿ, ಗೆಳೆಯರೇ ಬಲವಂತ ಮಾಡುವ ತನಕ ನಾನು ಬೇರೆಯವರ ಮುಂದೆ ಬಾಯಿ ತೆರೆಯಲಿಲ್ಲ.

ಜೀವಕ್ಕೆ ಅಪಾಯ ಇರುವಾಗ, ಅಂದ್ರೆ ಕೀವು ಏರಿ ಜ್ವರ ಬಂದು ಕುತ್ತಿಗೆ ಊದಿದಾಗ, ಲೆಕ್ಕ ಬೇರೆ. ಆಗಲೂ ಅದಕ್ಕೆ ಆಸ್ಪತ್ರೆ ಇದೆ, ಪೂರ್ತಿ ಎಚ್ಚರ ತಪ್ಪಿಸಿ ಮಾಡುವ ದಾರಿ ಇದೆ. ಉಳಿದಂತೆ, ನಾಲ್ಕು ಸಲ ಬಂದರೂ ಚಿಂತೆಯಿಲ್ಲ, ಮಗು ತಾನಾಗಿ ಬಾಯಿ ತೆರೆಯಲಿ.

ಮನೆಗೆ ಬಂದ ಮೇಲೆ ಮಗು ತುಟಿ ಊದಿಸ್ಕೊಂಡಿದೆ, ಸೂಜಿ ರಿಯಾಕ್ಷನ್ ಆಯ್ತಾ?

ಬಹಳ ಸಲ ಅದು ಮಗು ಕಚ್ಚಿಕೊಂಡದ್ದು. ಜೋಮು ಎರಡು ಮೂರು ಗಂಟೆ ಇರುತ್ತದೆ. ತುಟಿ ದಪ್ಪಗಾಗಿದೆ ಅಂತ ಮಕ್ಕಳು ಅಗಿದು ನೋಡುತ್ತಾರೆ. ಮರುದಿನ ಬೆಳ್ಳಗೆ ಹುಣ್ಣು ಕಾಣುತ್ತದೆ, ಸಾಮಾನ್ಯವಾಗಿ ಒಂದು ವಾರ ಹತ್ತು ದಿನದಲ್ಲಿ ವಾಸಿಯಾಗುತ್ತದೆ. ಜೋಮು ಇಳಿಯುವ ತನಕ ಪಕ್ಕದಲ್ಲೇ ಕೂತು ನೋಡಿಕೊಳ್ಳಿ, ಬಿಸಿ ಊಟ ಕೊಡಬೇಡಿ. ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ಮಾತ್ರ ಅದು ಬೇರೆ, ತಕ್ಷಣ ಆಸ್ಪತ್ರೆಗೆ ಹೋಗಿ.

## ದೊಡ್ಡವರು ಬಾಗಿಲು ಹಾಕ್ಕೊಂಡು ಕೇಳೋದು

ಹೋದ ಸಲ ಸೂಜಿ ಹಿಡೀಲೇ ಇಲ್ಲ. ಈ ಸಲ ಹಿಡೀತದಂತ ಏನ್ ಗ್ಯಾರಂಟಿ?

ನಿಮ್ಮ ಮಾತನ್ನು ನಂಬುತ್ತೇನೆ. ಕೀವು, ಬಾವು ಇರುವ ಜಾಗದಲ್ಲಿ ಆಮ್ಲ ಜಾಸ್ತಿ ಇರುತ್ತದೆ. ಅಲ್ಲಿ ಮರಗಟ್ಟಿಸುವ ಔಷಧ ನರದೊಳಗೆ ಸರಿಯಾಗಿ ಇಳಿಯಲ್ಲ. ಅಂದ್ರೆ ನೋವು ತಡೆಯೋಕಾಗದ ದಿನ ಬಂದವರಿಗೇ ಸೂಜಿ ಕಡಿಮೆ ಹಿಡಿಯುತ್ತದೆ. ಅಂಜಿಕೆಯಿಂದ ಆರು ತಿಂಗಳು ತಳ್ಳುತ್ತೀರಿ, ಲವಂಗ ಇಟ್ಟುಕೊಳ್ಳುತ್ತೀರಿ, ವಸಡಿನ ಮೇಲೆ ನೋವಿನ ಮಾತ್ರೆ ಒತ್ತಿಟ್ಟು ಸುಟ್ಟುಕೊಳ್ಳುತ್ತೀರಿ (ಮಾತ್ರೆ ನುಂಗೋಕೆ ಇರೋದು, ವಸಡಿಗೆ ಹಚ್ಚೋಕೆ ಅಲ್ಲ). ಕೊನೆಗೆ ಬಂದಾಗ ಸೂಜಿ ಹಿಡಿಯಲ್ಲ, ನೋವಾಗುತ್ತದೆ. 'ನಾನು ಹೇಳಿರಲಿಲ್ಲವಾ' ಅಂತ ಅಂಜಿಕೆ ಇನ್ನೊಂದು ಸುತ್ತು ಗಟ್ಟಿಯಾಗುತ್ತದೆ. ಬಾವು ಇಳಿಸಿಕೊಂಡು ಬಂದರೆ, ಅಥವಾ ನೋವು ಶುರುವಾಗುವ ಮೊದಲೇ ಬಂದರೆ, ಅದೇ ಸೂಜಿ ಚೆನ್ನಾಗಿ ಹಿಡಿಯುತ್ತದೆ. ಅವತ್ತೇ ಮಾಡಲೇಬೇಕಾದರೂ ಬೇರೆ ಜಾಗದಲ್ಲಿ ಸೂಜಿ ಕೊಟ್ಟು ನೋಡುವ ದಾರಿ ಇರುತ್ತದೆ. ಹಿಡಿದಿಲ್ಲ ಅನ್ನಿಸಿದರೆ ಎಡಗೈ ಇದೆಯಲ್ಲ.

ಒಂದು ಸಲ ಕುರ್ಚಿ ಮೇಲೇ ಎಚ್ಚರ ತಪ್ಪಿದ್ದೆ. ಜೀವಕ್ಕೇನಾದ್ರೂ ಆದ್ರೆ?

ಹಲ್ಲಿನ ಕುರ್ಚಿಯಲ್ಲಿ ಜನಕ್ಕೆ ಎಲ್ಲಕ್ಕಿಂತ ಜಾಸ್ತಿ ಆಗುವುದು ಇದೇ. ಭಯಕ್ಕೆ ಬಿಪಿ ಥಟ್ಟನೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ಕುರ್ಚಿ ಚಪ್ಪಟೆ ಮಾಡಿ ಕಾಲು ಮೇಲೆತ್ತಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಎಚ್ಚರವಾಗುತ್ತದೆ. ರಾಯಚೂರು, ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ, ಹೊಟ್ಟೆಗೆ ಏನೂ ಇಲ್ಲದೆ, ಬಸ್ಸಿನಲ್ಲಿ ಎರಡು ಗಂಟೆ ನಿಂತು ಬಂದವರಿಗೆ ಸೂಜಿಯೇ ಬೇಕಿಲ್ಲ ಬಿಡಿ. ತಿಂದು ಬನ್ನಿ, ನೀರು ಕುಡಿಯಿರಿ, ಬಂದ ತಕ್ಷಣ ಕೂರದೆ ಹತ್ತು ನಿಮಿಷ ಫ್ಯಾನ್ ಕೆಳಗೆ ಇರಿ. ಹಿಂದೆ ಎಚ್ಚರ ತಪ್ಪಿದ್ದರೆ ಮೊದಲೇ ಹೇಳಿ, ಮಲಗಿಸಿಯೇ ಸೂಜಿ ಕೊಡುತ್ತೇವೆ. ಸೂಜಿ ಹೊತ್ತಿನಲ್ಲಿ ತೊಡೆ, ಮೀನಖಂಡ ಬಿಗಿ ಹಿಡಿದು ಬಿಡುವುದೂ ಸಹಾಯಕ್ಕೆ ಬರುತ್ತದೆ.

ಬಿಪಿ, ಶುಗರ್ ಎರಡೂ ಅದಾವ. ಮಾತ್ರೆ ಬಿಟ್ಟು ಬರಬೇಕೇನು?

ಬಿಡಬೇಡಿ. ದಿನದಂತೆ ಮಾತ್ರೆ ತಗೊಳ್ಳಿ, ಊಟ ಮಾಡಿ, ಚೀಟಿ ತನ್ನಿ. ರಕ್ತ ತೆಳು ಮಾಡುವ ಮಾತ್ರೆಯನ್ನೂ ಅದನ್ನು ಬರೆದ ಡಾಕ್ಟ್ರನ್ನು ಕೇಳದೆ ನಿಲ್ಲಿಸಬೇಡಿ.

ಗುಟ್ಕಾ ತಿಂತೀನಿ. ಹಲ್ಲು ನೋಡಿ ಬೈತೀರಿ ಅಂತ ಬಂದಿಲ್ಲ.

ಪ್ರಶ್ನೆ ಅಲ್ಲದಿದ್ದರೂ ಇದನ್ನು ಸೇರಿಸಿದ್ದೇನೆ, ಯಾಕಂದ್ರೆ ಗಂಡಸರು ಬರದೇ ಇರುವುದಕ್ಕೆ ಸೂಜಿಗಿಂತ ಈ ನಾಚಿಕೆಯೇ ದೊಡ್ಡ ಕಾರಣ ಅಂತ ನನಗೆ ಅನ್ನಿಸುತ್ತದೆ. ಬೈಯಲ್ಲ. ಬೈದರೆ ಎದ್ದು ಬೇರೆ ಡಾಕ್ಟ್ರ ಹತ್ರ ಹೋಗಿ, ಆದರೆ ಮನೆಗೆ ಹೋಗಬೇಡಿ. ಈಗಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ, ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಎರಡೇ ಹೋಗುತ್ತಿದ್ದರೆ, ಮಿರ್ಚಿ ಬಾಯಿಗಿಟ್ಟರೆ ಉರಿ ತಡೆಯೋಕಾಗದಿದ್ದರೆ, ಒಳಕೆನ್ನೆಯಲ್ಲಿ ಬಿಳಿ ಕಲೆ ಇದ್ದರೆ, ಈ ವಾರವೇ ತೋರಿಸಿ.

ಕಂದು ಹಲ್ಲಿನವರೂ ಹೀಗೇ ಬಾಯಿ ಮುಚ್ಚಿಕೊಂಡು ಬರುತ್ತಾರೆ, ಅದರಲ್ಲೂ ಮದುವೆ ವಯಸ್ಸಿಗೆ ಬಂದ ಹುಡುಗಿಯರು. ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿದು ಬೆಳೆದ ಮಕ್ಕಳಿಗೆ, ಹಲ್ಲು ಒಳಗೆ ರೂಪ ಪಡೆಯುವಾಗಲೇ ಕಲೆ ಕೂರಬಹುದು. ನೀವು ಹಲ್ಲು ಉಜ್ಜಿಲ್ಲ ಅಂತ ಅಲ್ಲ ಅದು. ಆ ಕಲೆ ಮುಚ್ಚುವ ಚಿಕಿತ್ಸೆಗೆ ಬಹಳ ಸಲ ಸೂಜಿಯೂ ಬೇಕಾಗಲ್ಲ.

ಗುಯ್ ಅನ್ನೋ ಆ ಮಷೀನ್ ಸಪ್ಪಳ ಕೇಳಿದ್ರೇನೇ ಮೈ ಜುಮ್ ಅಂತದೆ.

ನಿಮಿಷಕ್ಕೆ ಮೂರು ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ, ಸಪ್ಪಳ ಬಂದೇ ಬರುತ್ತದೆ. ಇಯರ್‌ಫೋನ್ ತನ್ನಿ. ತತ್ವಪದ ಕೇಳಿ, ಕ್ರಿಕೆಟ್ ಕಾಮೆಂಟರಿ ಕೇಳಿ, ನನಗೇನೂ ಬೇಜಾರಿಲ್ಲ.

ಬಾಯೊಳಗೆ ಏನಿಟ್ರೂ ವಾಂತಿ ಬಂದಂಗ ಆಗ್ತದೆ.

ಮೂಗಿನಿಂದ ನಿಧಾನವಾಗಿ ಉಸಿರಾಡಿ. ಎಕ್ಸ್‌ರೇ ತೆಗೆಯುವಾಗ, ಅಳತೆ ತಗೊಳ್ಳುವಾಗ ಒಂದು ಕಾಲು ಮೇಲೆತ್ತಿ ಅದರ ಮೇಲೆ ಗಮನ ಇಡಿ. ನಾಲಿಗೆ ತುದಿಗೆ ಚಿಟಿಕೆ ಉಪ್ಪು ಹಾಕಿದರೆ ಕೆಲವರಿಗೆ ತಡೆಯುತ್ತದೆ.

## ಅಂಜಿಕೆ ಮೀರಿ ಹೋದವರಿಗೆ

ನನ್ನದು ಮಾಮೂಲಿ ಅಂಜಿಕೆಯಾ, ಜಾಸ್ತಿನಾ? ಹೆಂಗ ತಿಳೀಬೇಕು?

ಐದು ಪ್ರಶ್ನೆಯ ಒಂದು ಅಳತೆ ಇದೆ. ನಾಳೆ ಹಲ್ಲಿನ ಡಾಕ್ಟ್ರ ಹತ್ರ ಹೋಗಬೇಕು ಅಂದ್ರೆ ಹೇಗನ್ನಿಸುತ್ತದೆ? ಹೊರಗೆ ಪಾಳಿ ಕಾಯುವಾಗ? ಹಲ್ಲು ಕೊರೆಯುವಾಗ? ಕ್ಲೀನ್ ಮಾಡುವಾಗ? ವಸಡಿಗೆ ಸೂಜಿ ಕೊಡುವಾಗ? ಏನೂ ಅನ್ನಿಸಲ್ಲ ಅಂದ್ರೆ 1, ವಿಪರೀತ ಗಾಬರಿ ಅಂದ್ರೆ 5. ಕೂಡಿಸಿ 19 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬರೀ ಧೈರ್ಯ ಹೇಳಿದರೆ ಸಾಲದು. ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಡಾಕ್ಟ್ರಿಗೆ ಕೊಡಿ. ಬಾಯಲ್ಲಿ ಹೇಳುವುದಕ್ಕಿಂತ ಅದು ಸಲೀಸು.

ಧೈರ್ಯಕ್ಕೆ ಒಂದು ಕ್ವಾರ್ಟರ್ ಹಾಕ್ಕೊಂಡು ಬಂದ್ರೆ ನಡೀತದಾ?

ನಡೆಯಲ್ಲ. ಕುಡಿದವರು ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ವಾಂತಿಯಾದರೆ ಉಸಿರಿನ ದಾರಿಗೆ ಹೋಗುತ್ತದೆ, ನಾವು ಕೊಡುವ ಔಷಧಕ್ಕೂ ಅದಕ್ಕೂ ಹೊಂದಲ್ಲ. ಯಾರದೋ ನಿದ್ದೆ ಮಾತ್ರೆ ನುಂಗಿ ಬರುವುದೂ ಅಷ್ಟೇ.

ನಿದ್ದೆ ಬರಿಸಿ ಮಾಡ್ತಾರಂತಲ್ಲ, ಅದು ಎಲ್ಲಿ?

ಅದರಲ್ಲಿ ಮೂರು ಮೆಟ್ಟಿಲಿವೆ. ಮೊದಲನೆಯದು ನಗೆ ಅನಿಲ. ಮೂಗಿನ ಮೇಲೆ ಸಣ್ಣ ಮಾಸ್ಕ್ ಇಟ್ಟು ಆಕ್ಸಿಜನ್ ಜೊತೆ ಕೊಡುತ್ತಾರೆ. ನಿದ್ದೆ ಬರಲ್ಲ, ಮಾತು ಕೇಳುತ್ತದೆ, ಆದರೆ ಗಾಬರಿ ದೂರ ಸರಿದಂತೆ ಆಗುತ್ತದೆ. ನಿಲ್ಲಿಸಿದ ಕೆಲವೇ ನಿಮಿಷಕ್ಕೆ ಇಳಿಯುತ್ತದೆ. 1844ರಲ್ಲಿ ಅಮೆರಿಕದ ಹೊರೇಸ್ ವೆಲ್ಸ್ ಅನ್ನುವ ದಂತವೈದ್ಯ ಇದನ್ನು ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡು ನೋಡಿದ್ದ. ಎರಡನೆಯದು ಮಂಪರು ಬರಿಸುವ ಔಷಧ, ಪಕ್ಕದಲ್ಲಿ ಅದನ್ನು ಬಲ್ಲ ವೈದ್ಯರು ಇರಲೇಬೇಕು. ಮೂರನೆಯದು ಆಸ್ಪತ್ರೆಯಲ್ಲಿ ಪೂರ್ತಿ ಎಚ್ಚರ ತಪ್ಪಿಸಿ ಮಾಡುವುದು. ಬಾಯಿ ತುಂಬ ಹುಳುಕಿರುವ ಮೂರು ವರ್ಷದ ಮಗು, ಬುದ್ಧಿಮಾಂದ್ಯ ಮಕ್ಕಳು, ಇಂಥವರಿಗೆ ಒಂದೇ ಸಲಕ್ಕೆ ಎಲ್ಲ ಮುಗಿಸಬಹುದು. ಆಗ ಮಾತ್ರ ಖಾಲಿ ಹೊಟ್ಟೆಯಲ್ಲಿ ಬರಬೇಕು. ಊಟ, ಹಾಲು ಆರು ಗಂಟೆ ಮೊದಲೇ ನಿಲ್ಲಬೇಕು. ಅಜ್ಜಿ ಮರುಕದಿಂದ ಕದ್ದು ಒಂದು ಬಿಸ್ಕೀಟ್ ಕೊಟ್ಟರೆ ಅವತ್ತಿನ ಆಪರೇಷನ್ ಮುಂದಕ್ಕೆ ಹೋಯಿತು ಅಂತಲೇ ಲೆಕ್ಕ.

ನನ್ನಂಥ ಸಣ್ಣ ಕ್ಲಿನಿಕ್ಕಿನಲ್ಲಿ ಇದು ಆಗಲ್ಲ. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, ರಾಯಚೂರಿನಲ್ಲಿ ಎರಡು ಖಾಸಗಿ ದಂತ ಕಾಲೇಜುಗಳಿವೆ. ಅಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇರುತ್ತದೆ. ಮೊದಲು ಹೋಗಿ ವಿಚಾರಿಸಿ, ಆಮೇಲೆ ದಿನ ಗೊತ್ತು ಮಾಡಿಕೊಳ್ಳಿ.

ಮನಸ್ಸಿನ ಡಾಕ್ಟ್ರನ್ನ ನೋಡು ಅಂದ್ರು. ನನಗೇನ್ ಹುಚ್ಚೇನ್ರೀ?

ಹುಚ್ಚಿಗೂ ಇದಕ್ಕೂ ಸಂಬಂಧ ಇಲ್ಲ. ಅವರು ಮಾಡುವುದು ಅಂಜಿಕೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದು ಅಭ್ಯಾಸ ಆದ ಮೇಲೆ ಇನ್ನೊಂದನ್ನು ಎದುರಿಸುವಂತೆ ಮಾಡುವುದು. ಹೆದರಿಕೆ ತೀರಾ ವಿಪರೀತ ಇಲ್ಲದವರಿಗೆ ನಾವೇ ಇದನ್ನು ಮಾಡಿಸುತ್ತೇವೆ.

ಕಾರಟಗಿಯ ಆ ರೈತರ ಜೊತೆ ಮಾಡಿದ್ದೂ ಇದನ್ನೇ. ಮಿರ್ಚಿ ಅಂಗಡಿಯವರ ಕೈಯಲ್ಲಿ ಹೇಳಿ ಕಳಿಸಿದೆ: ಮುಂದಿನ ಸಲ ಬಂದಾಗ ಮೇಲೆ ಬಂದು ನೀರು ಕುಡಿದು ಹೋಗಲಿ, ಅಷ್ಟೇ. ಬಂದರು, ಹೊರಗಿನ ಬೆಂಚಿನಲ್ಲಿ ಕೂತು ನೀರು ಕುಡಿದು ಹೋದರು. ಎರಡನೇ ಸಲ ಕುರ್ಚಿ ಮೇಲೆ ಚಪ್ಪಲಿ ಸಮೇತ ಕೂತು ಮಳೆ ಬೆಳೆ ಮಾತಾಡಿದರು. ಮೂರನೇ ಸಲ ಕನ್ನಡಿ ಇಟ್ಟು ನೋಡಿದೆ, ಎಕ್ಸ್‌ರೇ ತೆಗೆದೆ. ನಾಲ್ಕನೇ ಸಲ ಸೂಜಿ ಕೈಗೆ ಕೊಟ್ಟೆ, ತಿರುವಿ ನೋಡಿ 'ಇಷ್ಟೇ ಏನು' ಅಂದರು. ಐದನೇ ಸಲ ಹಲ್ಲು ಕಿತ್ತೆ. ನಡುವೆ ಎರಡು ಸಲ ಎಡಗೈ ಎತ್ತಿದರು, ಎರಡು ಸಲವೂ ನಿಲ್ಲಿಸಿದೆ. ಎದ್ದು, ಹತ್ತಿ ಕಚ್ಚಿಕೊಂಡೇ ಕೆಳಗಿಳಿದು ಮಿರ್ಚಿ ಕೇಳಿದರಂತೆ. ಅಂಗಡಿಯವರು ಕೊಡಲಿಲ್ಲ. 'ಇವತ್ತು ಮಸರನ್ನ ಉಣ್ರಿ, ಮಿರ್ಚಿ ಎಲ್ಲೂ ಹೋಗಂಗಿಲ್ಲ' ಅಂದರಂತೆ.